ಎರಡನೆಯ ಓದುಗನ ಹುಡುಕಾಟ: ಗಡಿನಾಡಿನ ಕನ್ನಡ ಬರಹವೂ ಅಂತರ್ಜಾಲವೂ

ಸಾರಾ ಅಬೂಬಕ್ಕರ್ (1936–2023) ಅವರ ಬರಹ ಮೊದಲ ಸಲ ಅಚ್ಚಿಗೆ ಬಂದದ್ದು 1981ರಲ್ಲಿ. ಆಗ ಅವರ ವಯಸ್ಸು ನಲವತ್ತೈದರ ಆಸುಪಾಸು. ಕಾಸರಗೋಡಿನ ಚಂದ್ರಗಿರಿ ಹೊಳೆಯ ಪರಿಸರದಲ್ಲಿ ಹುಟ್ಟಿ, ಮನೆಯಲ್ಲಿ ಮಲಯಾಳಂ ಆಡುತ್ತ, ಶಾಲೆಯಲ್ಲಿ ಕನ್ನಡ ಕಲಿತು, ಆ ಕನ್ನಡದಲ್ಲಿಯೇ ಬರೆಯಬೇಕೆಂಬ ಆಸೆಯನ್ನು ಬಹುಕಾಲ ಒಳಗೇ ಇರಿಸಿಕೊಂಡಿದ್ದವರು ಅವರು. ಬೆಂಗಳೂರಿನ 'ಲಂಕೇಶ್ ಪತ್ರಿಕೆ' ಅವರ ಲೇಖನವನ್ನು ಪ್ರಕಟಿಸಿತು. ಮುಂದೆ ಅದೇ ಪತ್ರಿಕೆಯಲ್ಲಿ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿ ಧಾರಾವಾಹಿಯಾಗಿ ಹರಿಯಿತು. ಬರೆಯುವ ಬಯಕೆಗೂ ಓದುವ ಕಣ್ಣಿಗೂ ನಡುವೆ ಇದ್ದ ದೂರವನ್ನು ಒಬ್ಬ ಸಂಪಾದಕನ ಒಪ್ಪಿಗೆ ದಾಟಿಸಿದ ನಿದರ್ಶನವಿದು. ಆ ಒಪ್ಪಿಗೆ ದೊರೆಯದೆ ಹೋದವರ ಲೆಕ್ಕವನ್ನು ಸಾಹಿತ್ಯ ಚರಿತ್ರೆ ಇಡುವುದಿಲ್ಲ. ಗಡಿನಾಡಿನ ಮನೆಗಳ ಅಟ್ಟದ ಮೇಲಿನ ನೋಟುಪುಸ್ತಕಗಳಿಗೆ ಸೂಚಿಪತ್ರವಿಲ್ಲ.

ಯಾವುದೇ ಬರಹಕ್ಕೆ ಮೊದಲ ಓದುಗ ಬರೆದವನೇ. ಆತನಿಂದಾಚೆಗೆ ಸಿಗುವ ಎರಡನೆಯ ಓದುಗ ಯಾರು, ಎಲ್ಲಿದ್ದಾನೆ, ಯಾವ ಲಿಪಿಯಲ್ಲಿ ಓದುತ್ತಾನೆ ಎಂಬ ಪ್ರಶ್ನೆ ಬೆಂಗಳೂರು, ಧಾರವಾಡಗಳ ಲೇಖಕನನ್ನು ಅಷ್ಟಾಗಿ ಕಾಡುವುದಿಲ್ಲ. ಆತನ ಸುತ್ತಲೂ ಓದುಗನಿದ್ದಾನೆ. ಮಂಜೇಶ್ವರ, ಅಕ್ಕಲಕೋಟೆ, ಜತ್ತ, ತಾಳವಾಡಿ, ಮಡಕಶಿರಾಗಳ ಲೇಖಕನಿಗಾದರೋ ಇದೇ ಮೊದಲ ಪ್ರಶ್ನೆ. ಸೃಜನಶೀಲ ಬರವಣಿಗೆಯಿಂದ ದೊರೆಯುವ ಸಾರ್ಥಕತೆ, ಆ ಬರವಣಿಗೆಯನ್ನು ಅಂತರ್ಜಾಲದಲ್ಲಿ ಹಂಚಿಕೊಳ್ಳುವುದರಿಂದ ಅದಕ್ಕೆ ಸೇರುವ ಅಥವಾ ಅದರಿಂದ ಕಳೆಯುವ ಅಂಶ, ಇವೆರಡನ್ನೂ ಗಡಿಯಾಚೆಯ ಕನ್ನಡಿಗರ ಸಂದರ್ಭದಲ್ಲಿ ಈ ಪ್ರಶ್ನೆಯ ಮೂಲಕವೇ ನೋಡಬೇಕಾಗುತ್ತದೆ.

ಅಚ್ಚಿನ ಯುಗದಲ್ಲಿ ಈ ಓದುಗನನ್ನು ಒದಗಿಸುತ್ತಿದ್ದುದು ಸಮೀಪದ ಪೇಟೆ. ಮಂಜೇಶ್ವರದ ಗೋವಿಂದ ಪೈಗಳಿಗೆ (1883–1963) ಮಂಗಳೂರು ಹತ್ತಿರವಿತ್ತು, ಅಲ್ಲಿ 'ಸ್ವದೇಶಾಭಿಮಾನಿ' ಇತ್ತು. 1911ರ ಸುಮಾರಿಗೆ ಪ್ರಾಸವನ್ನು ಕೈಬಿಟ್ಟು ಅವರು ಬರೆದ ಕವಿತೆಗಳಿಗೆ ಬೇಕಾಗಿದ್ದ ಓದುಗರೂ ವಿರೋಧಿಗಳೂ ಒಂದು ದಿನದ ಅಂಚೆಯ ದೂರದಲ್ಲೇ ದೊರೆತರು. ಮಂಜೇಶ್ವರವೂ ಮಂಗಳೂರೂ ಆಗ ಒಂದೇ ದಕ್ಷಿಣ ಕನ್ನಡ ಜಿಲ್ಲೆಯ ಊರುಗಳು. 1956ರ ನವೆಂಬರ್ 1ರಂದು ಆ ಜಿಲ್ಲೆಯ ತೆಂಕಣ ತುದಿ ಕೇರಳಕ್ಕೆ ಸೇರಿತು. ಅದಕ್ಕೆ ಮೂರು ವರ್ಷ ಮೊದಲೇ, 1953ರಲ್ಲಿ, ಬಳ್ಳಾರಿ ಜಿಲ್ಲೆಯಿಂದ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸಂದಿದ್ದವು. ಗಡಿಗೆರೆ ಪತ್ರಿಕೆಗಳನ್ನು ತಡೆಯಲಿಲ್ಲ. ಆದರೆ ಶಾಲೆ, ಗ್ರಂಥಾಲಯ, ನೌಕರಿ, ಕಚೇರಿಯ ಅರ್ಜಿ ಇವುಗಳ ಭಾಷೆ ಬದಲಾಯಿತು. ಪತ್ರಿಕೆಯನ್ನು ಬಿಡಿಸಿ ಓದುವ ಮಂದಿ ತಲೆಮಾರಿನಿಂದ ತಲೆಮಾರಿಗೆ ಕಡಿಮೆಯಾದರು.

ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆ (1912–1986) ಇದರ ಇನ್ನೊಂದು ಮುಖ. ಮರಾಠಿ ಶಿಕ್ಷಣದ ಪರಿಸರದಲ್ಲಿ ಬೆಳೆದು, ಕನ್ನಡವನ್ನು ತಾವಾಗಿ ಒಲಿಸಿಕೊಂಡು, ಸಿದ್ಧರಾಮೇಶ್ವರರ ಚರಿತ್ರೆಯನ್ನು ಪುರಾಣಕಾವ್ಯವಾಗಿ ಕನ್ನಡದಲ್ಲಿ ರಚಿಸಿದ ಅವರು 1974ರಲ್ಲಿ ಮಂಡ್ಯದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು, ಆ ಪೀಠವೇರಿದ ಮೊದಲ ಮಹಿಳೆಯಾದರು. ಮರಾಠಿಯಲ್ಲಿ ಬರೆಯುವುದು ಅವರಿಗೆ ಸುಲಭವಾಗಿತ್ತು, ಬರೆದೂ ಇದ್ದರು. ಬದುಕಿನ ದೊಡ್ಡ ಕೃತಿಗೆ ಮಾತ್ರ ಕನ್ನಡವನ್ನೇ ಆರಿಸಿಕೊಂಡರೆಂಬುದನ್ನು ಗಮನಿಸಬೇಕು. ಉಪಯೋಗದ ಭಾಷೆ ಒಂದಾಗಿರುವಾಗ ಸಾರ್ಥಕತೆಯ ಭಾಷೆ ಇನ್ನೊಂದಾಗಿರಬಲ್ಲುದು. ಗಡಿನಾಡಿನ ಬರವಣಿಗೆಯ ಮನಃಶಾಸ್ತ್ರ ಇಲ್ಲಿಂದಲೇ ಆರಂಭವಾಗುತ್ತದೆ.

ಬರವಣಿಗೆ ಬರೆದವನಿಗೆ ಏನು ಮಾಡುತ್ತದೆ ಎಂಬುದರ ಬಗ್ಗೆ ಮನಃಶಾಸ್ತ್ರದಲ್ಲಿ ಎರಡು ಹಳೆಯ ಪ್ರಯೋಗಗಳಿವೆ. ಎರಡೂ ಸಾಕಷ್ಟು ಪರಿಚಿತವಾದರೂ ಒಟ್ಟಿಗೆ ಇಟ್ಟು ನೋಡಿದವರು ಕಡಿಮೆ. 1986ರಲ್ಲಿ ಅಮೆರಿಕದ ಜೇಮ್ಸ್ ಪೆನ್ನೆಬೇಕರ್ ಮತ್ತು ಸ್ಯಾಂಡ್ರಾ ಬೀಲ್ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ ಹದಿನೈದು ನಿಮಿಷ, ತಮ್ಮ ಬದುಕಿನ ನೋವಿನ ಪ್ರಸಂಗವೊಂದನ್ನು ಬರೆದರು. ನಡೆದದ್ದನ್ನೂ ಆಗ ಅನುಭವಿಸಿದ್ದನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ವಿಶ್ವವಿದ್ಯಾಲಯದ ಆರೋಗ್ಯ ಕೇಂದ್ರಕ್ಕೆ ಹೋದದ್ದು ಉಳಿದವರಿಗಿಂತ ಕಡಿಮೆ. ಅವರು ಬರೆದದ್ದು ಮೆಚ್ಚುಗೆ ಪಡೆಯುವುದಕ್ಕಲ್ಲ, ಪ್ರಕಟಣೆಗೂ ಅಲ್ಲ. ಮೊದಲ ಓದುಗನೊಬ್ಬನೇ ಸಾಕಾಗುವ ಒಂದು ಬಗೆಯ ಬರವಣಿಗೆ ಇದೆಯೆಂದು ಇದರಿಂದ ತಿಳಿಯುತ್ತದೆ.

ಇನ್ನೊಂದು, ತೆರೆಸಾ ಅಮಾಬಿಲೆ 1985ರಲ್ಲಿ ಪ್ರಕಟಿಸಿದ ಪ್ರಯೋಗ. ಸೃಜನಶೀಲ ಬರವಣಿಗೆಯಲ್ಲಿ ತೊಡಗಿದ್ದ 72 ಯುವಜನರು ಒಂದೊಂದು ಕಿರುಗವಿತೆ ಬರೆದರು. ಬಳಿಕ ಒಂದು ಗುಂಪಿಗೆ ಬರವಣಿಗೆಯ ಒಳಗಿನ ಸುಖಗಳ ಪಟ್ಟಿಯನ್ನೂ ಇನ್ನೊಂದು ಗುಂಪಿಗೆ ಹೆಸರು, ಹಣ, ಪ್ರತಿಷ್ಠೆಗಳಂಥ ಹೊರಗಿನ ಕಾರಣಗಳ ಪಟ್ಟಿಯನ್ನೂ ಕೊಟ್ಟು, ಅವನ್ನು ತಮಗೆ ಎಷ್ಟೆಷ್ಟು ಮುಖ್ಯವೋ ಆ ಕ್ರಮದಲ್ಲಿ ಜೋಡಿಸಲು ಹೇಳಲಾಯಿತು. ಮೂರನೆಯ ಗುಂಪಿಗೆ ಯಾವ ಪಟ್ಟಿಯೂ ಇರಲಿಲ್ಲ. ನಂತರ ಎಲ್ಲರೂ ಎರಡನೆಯ ಕವಿತೆ ಬರೆದರು, ಕವಿಗಳೇ ತೀರ್ಪುಗಾರರಾದರು. ಹೊರಗಿನ ಕಾರಣಗಳನ್ನು ಕೆಲವೇ ನಿಮಿಷ ಯೋಚಿಸಿದವರ ಕವಿತೆಯಲ್ಲಿ ಹೊಸತನ ಕುಗ್ಗಿತ್ತು. ಬರೆಯುವ ಮೇಜಿನ ಬಳಿ ಬಹುಮಾನವನ್ನು ನೆನಪಿಸುವುದಷ್ಟೇ ಬರಹಕ್ಕೆ ಹಾನಿ ಮಾಡಬಲ್ಲುದೆಂದಾಯಿತು.

ಹಾಗಾದರೆ ಅಂತರ್ಜಾಲದಲ್ಲಿ ಹಂಚಿಕೊಳ್ಳುವುದು ಮೇಜಿನ ಬಳಿ ಬಹುಮಾನವನ್ನು ತಂದಿಟ್ಟಂತೆಯೇ? ಉತ್ತರ ಹಂಚಿಕೆಯ ಬಗೆಯನ್ನು ಅವಲಂಬಿಸಿದೆ. ಮೆಚ್ಚುಗೆಯ ಅಂಕಿಯನ್ನು ಎದುರಿಗಿಡುವ ವೇದಿಕೆ ಒಂದು ಬಗೆ, ಪರಿಚಿತ ದನಿಯಲ್ಲಿ ಮರುಮಾತು ಕೇಳಿಸುವ ಬಳಗ ಇನ್ನೊಂದು ಬಗೆ. ಗಡಿನಾಡಿನ ಕನ್ನಡದ ಮಟ್ಟಿಗೆ ಇವೆರಡರ ನಡುವಣ ವ್ಯತ್ಯಾಸ ದೊಡ್ಡದು. ಅದನ್ನು ವಿವರಿಸುವ ಮೊದಲು, ಹಂಚಿಕೆ ಸಾಧ್ಯವಾದ ದಾರಿಯನ್ನು ಚುಟುಕಾಗಿಯಾದರೂ ಹೇಳಬೇಕು.

ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ, 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ 'ಬರಹ', ಕನ್ನಡ ಗಣಕ ಪರಿಷತ್ತಿನ 'ನುಡಿ' ಇವುಗಳಿಂದ ಕನ್ನಡ ಗಣಕಕ್ಕೆ ಇಳಿಯಿತು. ಆದರೆ ಆ ಕಾಲದ ಅಕ್ಷರವಿನ್ಯಾಸಗಳು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕನ್ನಡದ ತುಂಡುರೂಪಗಳನ್ನು ಕೂರಿಸುತ್ತಿದ್ದವು. ಅದೇ ಫಾಂಟ್ ಇಲ್ಲದ ಯಂತ್ರದಲ್ಲಿ ಬರಹ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗುತ್ತಿತ್ತು. ಯೂನಿಕೋಡ್ 1991ರಲ್ಲಿಯೇ ಕನ್ನಡಕ್ಕೆ ಸ್ವಂತ ಸ್ಥಾನ ಕೊಟ್ಟಿದ್ದರೂ ಅದು ಬಳಕೆಗೆ ಬರಲು ದಶಕವೇ ಹಿಡಿಯಿತು. ಆನಂತರ 'ಸಂಪದ', 'ಕೆಂಡಸಂಪಿಗೆ', 'ಅವಧಿ'ಯಂಥ ಜಾಲತಾಣಗಳು ಬಂದವು. ಕಾಸರಗೋಡಿನ ಕಾರಡ್ಕದವರಾಗಿ ಹೈದರಾಬಾದಿನಲ್ಲಿ ನೆಲೆಸಿದ್ದ ಕೆ.ವಿ. ತಿರುಮಲೇಶರಂಥ (1940–2023) ಹಿರಿಯರು ಕೂಡ ಜಾಲಪತ್ರಿಕೆಗಳಿಗೆ ಬರೆದರು. 2012ರಲ್ಲಿ ಆಂಡ್ರಾಯ್ಡ್‌ನ 4.1ನೆಯ ಆವೃತ್ತಿ ಕನ್ನಡವನ್ನು ತೋರಿಸತೊಡಗಿದ ಮೇಲೆ ಗಣಕವಿಲ್ಲದ ಮನೆಯೂ ಬರೆಯುವ, ಓದುವ ಮನೆಯಾಯಿತು. ಗಡಿನಾಡಿನ ಹಳ್ಳಿಗಳ ಪಾಲಿಗೆ ನಿಜವಾದ ತಿರುವು ಇದೇ ಇರಬೇಕು.

ಬಳಗದ ಬಗೆಗೆ ಅತ್ಯುತ್ತಮ ನಿದರ್ಶನ ಕಾಸರಗೋಡು ಮತ್ತು ಅದಕ್ಕೆ ಹೊಂದಿದ ದಕ್ಷಿಣ ಕನ್ನಡದ ಹವ್ಯಕರು ಕಟ್ಟಿಕೊಂಡ 'ಒಪ್ಪಣ್ಣ' ಎಂಬ ಜಾಲತಾಣ. ಅಲ್ಲಿ ಬರಹಗಳು ಹವ್ಯಕ ಕನ್ನಡದಲ್ಲಿವೆ: 'ನಾನು' ಅಲ್ಲ 'ಆನು', 'ನೀವು' ಅಲ್ಲ 'ನಿಂಗೊ', 'ಹೌದು' ಅಲ್ಲ 'ಅಪ್ಪು', 'ಎಂದು' ಬರಬೇಕಾದಲ್ಲಿ 'ಹೇಳಿ'. ಬರೆಯುವವರು ಬಹುಮಟ್ಟಿಗೆ ತಮ್ಮ ದಾಖಲೆಯ ಹೆಸರಿನಿಂದ ಬರೆಯುವುದಿಲ್ಲ. ಭಾವ, ಅಣ್ಣ, ಅಕ್ಕ, ಮಾವ, ಅಪ್ಪಚ್ಚಿ, ಅಜ್ಜಿ ಎಂಬ ನಂಟಿನ ಪದಕ್ಕೆ ಊರನ್ನೋ ಮನೆತನವನ್ನೋ ಸೇರಿಸಿ ಬರೆಯುತ್ತಾರೆ. ಓದಿದವರು ಕೊಡುವ ಪ್ರತಿಕ್ರಿಯೆಯೂ ಅಲ್ಲಿ 'ಒಪ್ಪ'ವೇ. ಚೆಲುವು, ಸಮ್ಮತಿ ಎಂಬ ಅರ್ಥಗಳನ್ನೆಲ್ಲ ಒಳಗೊಂಡ ಹಳೆಯ ಪದ ಹೀಗೆ ಹೊಸ ಕೆಲಸಕ್ಕೆ ಹೊಂದಿಕೊಂಡಿದೆ.

ಈ ಏರ್ಪಾಡಿನ ಪರಿಣಾಮ ಹೆಸರಿನ ಸೊಗಸಿಗಿಂತ ಆಳವಾದುದು. 'ಅಪ್ಪಚ್ಚಿ' ಎಂದು ಸಹಿ ಹಾಕಿದವನಿಗೆ ಓದುಗ ತಾನಾಗಿಯೇ ಅಣ್ಣನ ಮಗನಾಗುತ್ತಾನೆ. ತಪ್ಪನ್ನು ತಿದ್ದುವ ಅಧಿಕಾರವೂ ಕೀಟಲೆ ಮಾಡುವ ಸಲಿಗೆಯೂ ಆ ನಂಟಿನ ಜತೆಗೇ ಬರುತ್ತವೆ. ಶಿಷ್ಟ ಕನ್ನಡದಲ್ಲಿ ಒಂದು ಪುಟವನ್ನೂ ಬರೆಯಲು ಅಂಜುತ್ತಿದ್ದ ಗೃಹಿಣಿ ಅಡುಗೆಯ ವಿವರವನ್ನೋ ಅಜ್ಜನ ಮನೆಯ ಮಳೆಗಾಲವನ್ನೋ ಮನೆಮಾತಿನಲ್ಲಿ ಬರೆಯಬಲ್ಲಳು, ಏಕೆಂದರೆ ಅದು ಬರವಣಿಗೆಗೆ ಮೊದಲೇ ಆಕೆಯ ಮಾತಾಗಿತ್ತು. ಅಚ್ಚಿನ ಪತ್ರಿಕೆಗಳಲ್ಲಿ ಆಡುನುಡಿಗೆ ಸಿಗುತ್ತಿದ್ದ ಜಾಗ ಪಾತ್ರಗಳ ಸಂಭಾಷಣೆಯದು. ನಿರೂಪಣೆ ಶಿಷ್ಟ ಕನ್ನಡದ ಹಕ್ಕಾಗಿತ್ತು. ಇಲ್ಲಿ ನಿರೂಪಣೆಯೇ ಆಡುನುಡಿಯಲ್ಲಿದೆ, ಮದುವೆಮನೆಯ ವರ್ಣನೆಗೂ ವ್ಯಾಕರಣದ ಚರ್ಚೆಗೂ ಅದನ್ನೇ ಬಳಸುತ್ತಾರೆ. ಇದು ಸಣ್ಣ ಸಾಧನೆಯಲ್ಲ.

ಭಾಷಾವಿಜ್ಞಾನಿಗಳಿಗೆ ಇಲ್ಲೊಂದು ಎಚ್ಚರಿಕೆ ಸಲ್ಲುತ್ತದೆ. ಇಂಥ ತಾಣಗಳ ಪಠ್ಯವನ್ನು ಕ್ಷೇತ್ರಕಾರ್ಯದ ಬದಲಿಗೆ ಬಳಸುವ ಆಸೆ ಸಹಜ; ಟಂಕಿತ ಪಠ್ಯ ಕುಳಿತಲ್ಲೇ ಸಿಗುತ್ತದೆ. ಆದರೆ ಊರು ಬಿಟ್ಟು ನಗರಗಳಲ್ಲೂ ವಿದೇಶದಲ್ಲೂ ನೆಲೆಸಿದವರ ಪಾಲು ಇಲ್ಲಿ ದೊಡ್ಡದು. ಅವರು ಬರೆಯುವುದು ನೆನಪಿನ ಆಡುನುಡಿ. ಅದರಲ್ಲಿ ಹಳೆಯ ರೂಪಗಳು ದಟ್ಟವಾಗಿರಬಹುದು, ಊರಿನಲ್ಲಿ ಇಂದು ಕೇಳುವ ಬೆರಕೆ ರೂಪಗಳು ಸೋಸಿಹೋಗಿರಬಹುದು. ಅದು ಪಠ್ಯದ ದೋಷವಲ್ಲ, ಸಾಹಿತ್ಯದ ಗುಣ. ಸಂಶೋಧಕ ಮಾತ್ರ ಅದನ್ನು ಇಂದಿನ ಮಾತಿನ ಯಥಾಪ್ರತಿಯೆಂದು ತಿಳಿಯಬಾರದು.

ಅಂಕಿಯ ವೇದಿಕೆಗಳ ವಿಷಯ ಬೇರೆ. 2014ರಲ್ಲಿ ಆರಂಭವಾದ ಬೆಂಗಳೂರಿನ 'ಪ್ರತಿಲಿಪಿ'ಯಂಥ ತಾಣಗಳು ಯಾರೂ ತಡೆಯದ ಪ್ರಕಟಣೆಯನ್ನು ಹಲವು ಭಾರತೀಯ ಭಾಷೆಗಳಲ್ಲಿ ಸಾಧ್ಯಗೊಳಿಸಿದವು. ಸಂಪಾದಕನ ಒಪ್ಪಿಗೆ ಅಲ್ಲಿ ಬೇಡ. ಎಷ್ಟು ಮಂದಿ ಓದಿದರು, ಎಷ್ಟು ನಕ್ಷತ್ರ ಕೊಟ್ಟರು ಎಂಬುದು ಕೃತಿಯ ತಲೆಯ ಮೇಲೆಯೇ ಕಾಣುತ್ತದೆ. ನಿತ್ಯ ಒಂದು ಕಂತು ಹಾಕುವ ಧಾರಾವಾಹಿಗೆ, ಎಲ್ಲರಿಗೂ ತಿಳಿಯುವ ಕನ್ನಡಕ್ಕೆ, ಪರಿಚಿತ ಕೌಟುಂಬಿಕ ತಿರುವುಗಳಿಗೆ ಸಹಜವಾಗಿ ಓದುಗರು ಹೆಚ್ಚು. ಜತ್ತದ ಕಥೆಗಾರನೊಬ್ಬ ತನ್ನೂರಿನ ಮರಾಠಿ ಬೆರೆತ ಕನ್ನಡದಲ್ಲಿ ಬರೆದರೆ ಅಂಕಿ ಕೆಳಗಿಳಿಯುತ್ತದೆ, ಶಿಷ್ಟ ಕನ್ನಡಕ್ಕೆ ಹೊರಳಿದರೆ ಏರುತ್ತದೆ. ಯಾರೂ ಆತನನ್ನು ತಿದ್ದಬೇಕಿಲ್ಲ, ಅಂಕಿಯೇ ತಿದ್ದುತ್ತದೆ. ಹಿಂದೆ ದೂರದ ಸಂಪಾದಕ ಕೆಂಪು ಶಾಯಿಯಿಂದ ಮಾಡುತ್ತಿದ್ದ ಕೆಲಸವನ್ನು ಈಗ ಲೇಖಕ ತಾನೇ, ಬರೆಯುವ ಮೊದಲೇ ಮಾಡಿಕೊಳ್ಳುತ್ತಾನೆ. ಅಮಾಬಿಲೆಯ ಪ್ರಯೋಗದಲ್ಲಿ ಹೊರಗಿನ ಕಾರಣಗಳ ಪಟ್ಟಿಯನ್ನು ಓದಿದ್ದು ಕೆಲವೇ ನಿಮಿಷ. ಇಲ್ಲಿ ಪಟ್ಟಿ ಸದಾ ಕೈಯಲ್ಲೇ ಬೆಳಗುತ್ತಿರುತ್ತದೆ.

ಇದರರ್ಥ ದೊಡ್ಡ ವೇದಿಕೆ ಕೆಟ್ಟದ್ದೆಂದಲ್ಲ. ಮೊದಲ ಕಥೆ ಬರೆದ ಹೊಸೂರಿನ ಹುಡುಗಿಗೆ ನೂರು ಮಂದಿ ಅಪರಿಚಿತರು ಓದಿದರೆಂಬ ಸುದ್ದಿ ಕೊಡುವ ಧೈರ್ಯ ಮನೆಯಲ್ಲಿ ಸಿಗದಿರಬಹುದು. ಆದರೆ ಧೈರ್ಯ ಸಿಕ್ಕ ಮೇಲೆ ಭಾಷೆಯನ್ನು ಉಳಿಸಿಕೊಳ್ಳಲು ಬೇರೆ ನೆಲೆ ಬೇಕಾಗುತ್ತದೆ. ಅಂತರ್ಜಾಲ ಗಡಿಯನ್ನು ಅಳಿಸಿತೆಂದು ಹೊಗಳುವವರು, ಗಡಿಯ ಜತೆಗೆ ಗಡಿನಾಡಿನ ನುಡಿಯ ಗುರುತೂ ಅಳಿಯಬಹುದೆಂಬುದನ್ನು ಮರೆಯುತ್ತಾರೆ.

ವಾಟ್ಸಾಪ್ ಗುಂಪುಗಳಲ್ಲಿ ಅಂಕಿಯ ಕಾಟವಿಲ್ಲ, ಹೆಸರಿನ ಕಾಟವಿದೆ. ಕವಿತೆ ಗುಂಪಿನಿಂದ ಗುಂಪಿಗೆ ಸಾಗುತ್ತ ಮೂರನೆಯ ದಾಟಿಗೆ ಕವಿಯ ಹೆಸರನ್ನು ಕಳೆದುಕೊಂಡು, ಕೊನೆಗೆ 'ಕೃಪೆ: ವಾಟ್ಸಾಪ್' ಎಂಬ ಒಕ್ಕಣೆಯೊಂದಿಗೆ ಬರೆದವನಿಗೇ ಮರಳಿ ಬರುವುದುಂಟು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕೃತಿ ರಚನೆಯಾದ ಕ್ಷಣದಿಂದಲೇ ಹಕ್ಕು ಲೇಖಕನದು. ನೋಂದಣಿ ಕಡ್ಡಾಯವಲ್ಲ, ಅವಧಿ ಲೇಖಕನ ಜೀವಿತ ಮತ್ತು ಅನಂತರದ 60 ವರ್ಷ. ತನ್ನ ಹೆಸರನ್ನು ಕೃತಿಯೊಂದಿಗೆ ಉಳಿಸಿಕೊಳ್ಳುವ ಹಕ್ಕನ್ನೂ ಕಾಯ್ದೆ ಪ್ರತ್ಯೇಕವಾಗಿ ಮಾನ್ಯ ಮಾಡಿದೆ. ಕಾಯ್ದೆ ಇದ್ದರೂ ಹಳ್ಳಿಯ ಕವಿ ನ್ಯಾಯಾಲಯಕ್ಕೆ ಹೋಗುವುದಿಲ್ಲ. ಕವಿತೆಯನ್ನು ಬಿಡಿಸಾಲುಗಳಾಗಿ ಕಳಿಸದೆ, ಮೊದಲು ಒಂದು ಸ್ಥಿರ ತಾಣದಲ್ಲಿ ದಿನಾಂಕ ಸಹಿತ ಹಾಕಿ ಅದರ ಕೊಂಡಿಯನ್ನು ಕಳಿಸುವುದು ಆತನ ಕೈಯಲ್ಲಿರುವ ಉಪಾಯ. ಹೀಗೆ ಮಾಡಿದರೆ ಇನ್ನೊಂದು ತೊಡಕು ಬರುತ್ತದೆ: ಕಥಾಸ್ಪರ್ಧೆಗಳ ನಿಯಮಗಳಲ್ಲಿ ಜಾಲತಾಣದಲ್ಲೂ ಪ್ರಕಟವಾಗಿರಬಾರದೆಂಬ ಷರತ್ತು ಸಾಮಾನ್ಯ. ಸ್ಪರ್ಧೆಗೆ ಕಳಿಸುವ ಕಥೆಯನ್ನು ಬೇರೆಯಾಗಿ ಇಟ್ಟುಕೊಳ್ಳುವುದೊಂದೇ ಇದಕ್ಕೆ ದಾರಿ.

ಇವೆಲ್ಲಕ್ಕಿಂತ ಮುಖ್ಯವಾದ ತೊಡಕು ಲಿಪಿಯದು. ತಮಿಳುನಾಡಿನ 2006ರ ತಮಿಳು ಕಲಿಕಾ ಕಾಯ್ದೆ, ಕೇರಳದ 2017ರ ಮಲಯಾಳಂ ಕಾಯ್ದೆ, ತೆಲಂಗಾಣದ 2018ರ ತೆಲುಗು ಕಾಯ್ದೆ, ಮಹಾರಾಷ್ಟ್ರದ 2020ರ ಮರಾಠಿ ಕಾಯ್ದೆ ಇವು ಶಾಲೆಗಳಲ್ಲಿ ಆಯಾ ರಾಜ್ಯಭಾಷೆಯನ್ನು ಕಡ್ಡಾಯಗೊಳಿಸಿವೆ. ರಾಜ್ಯದ ಭಾಷೆಯನ್ನು ಕಲಿಯಬಾರದೆಂದು ಗಡಿನಾಡಿನ ಕನ್ನಡಿಗರು ಹೇಳುವುದಿಲ್ಲ. ಮೊದಲಿನಿಂದಲೂ ಅವರು ದ್ವಿಭಾಷಿಕರು. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣಕ್ಕೆ ಸಂವಿಧಾನದ 350ಎ ವಿಧಿಯ ಬೆಂಬಲವೂ ಇದೆ. ಆದರೂ ವಾಸ್ತವದಲ್ಲಿ ಕನ್ನಡ ಮಾಧ್ಯಮದ ತರಗತಿ ಬಡವಾದ ಕಡೆಗಳಲ್ಲಿ, ಮನೆಯಲ್ಲಿ ಕನ್ನಡವನ್ನು ನಿರರ್ಗಳವಾಗಿ ಆಡುವ, ಆದರೆ ಕನ್ನಡ ಅಕ್ಷರ ಓದಲಾರದ ತಲೆಮಾರು ಬೆಳೆದಿದೆ. ಅಕ್ಕಲಕೋಟೆಯ ಅಜ್ಜ ಬರೆದ ಕಥೆ ಮೊಮ್ಮಗಳ ಫೋನಿಗೆ ಕ್ಷಣದಲ್ಲಿ ತಲುಪುತ್ತದೆ. ಆಕೆ ಅದನ್ನು ಓದಲಾರಳು. ಅಂಚೆಯ ದೂರ ಇಲ್ಲವಾದ ಮೇಲೆ ಉಳಿದ ದೂರ ಇದು.

ಆಕೆ ತಾನು ಕನ್ನಡದಲ್ಲಿ ಬರೆಯಬೇಕೆಂದರೆ ಶಾಲೆಯ ಲಿಪಿಯಲ್ಲೋ ರೋಮನ್ ಅಕ್ಷರಗಳಲ್ಲೋ ಬರೆಯುತ್ತಾಳೆ. ಪ್ರತಿಯೊಂದು ಲಿಪಿಯೂ ಕನ್ನಡದಿಂದ ಬೇರೆಬೇರೆ ಸುಂಕ ವಸೂಲು ಮಾಡುತ್ತದೆ. ರೋಮನ್‌ನಲ್ಲಿ 'ಹಳ್ಳಿ'ಗೂ 'ಹಲ್ಲಿ'ಗೂ ಒಂದೇ ರೂಪ. ತಮಿಳು ಲಿಪಿಯಲ್ಲಿ ಅಲ್ಪಪ್ರಾಣದ ಕ–ಗ, ಟ–ಡ, ತ–ದ, ಪ–ಬ ಜೋಡಿಗಳಿಗೆ ಒಂದೊಂದೇ ಅಕ್ಷರವಿರುವುದರಿಂದ 'ಗಡಿ' ಮತ್ತು 'ಕಡಿ' ಒಂದೇ ಆಗುತ್ತವೆ. ಗಡಿನಾಡಿನ ಬಗೆಗಿನ ಕವಿತೆಯಲ್ಲಿ ಇದು ಸಣ್ಣ ಗೊಂದಲವಲ್ಲ. ಮರಾಠಿಯ ಬಾಲಬೋಧದಲ್ಲಿ ಹ್ರಸ್ವ ಎ, ಒಗಳಿಗೆ ರೂಢಿಯ ಚಿಹ್ನೆ ಇಲ್ಲವಾಗಿ 'ಕೊಡು' ಮತ್ತು 'ಕೋಡು' ಬೆರೆಯುತ್ತವೆ. ಮಲಯಾಳಂ ಲಿಪಿಯಲ್ಲಿ ಈ ತೊಂದರೆಗಳಿಲ್ಲ. ತೆಲುಗು ಲಿಪಿಯಂತೂ ಕನ್ನಡದ ಒಡಹುಟ್ಟು; ರಾಯದುರ್ಗದ ಹುಡುಗ ತುಸು ಊಹಿಸಿದರೆ ಕನ್ನಡ ಪುಟವನ್ನೇ ಓದಿಬಿಡಬಲ್ಲ.

ಇಲ್ಲಿ ತಂತ್ರಜ್ಞಾನ ಅನಿರೀಕ್ಷಿತವಾಗಿ ನೆರವಿಗೆ ಬರುತ್ತದೆ. ಭಾರತೀಯ ಲಿಪಿಗಳಿಗಾಗಿ ರೂಪುಗೊಂಡಿದ್ದ ಇಸ್ಕಿ ಸಂಕೇತಪದ್ಧತಿಯ ಜೋಡಣೆಯನ್ನು ಯೂನಿಕೋಡ್ ಅನುಸರಿಸಿದ್ದರಿಂದ, ಒಂದೇ ವರ್ಗದ ಅಕ್ಷರಗಳು ಎಲ್ಲ ಲಿಪಿಗಳಲ್ಲೂ ಸಮಾನಾಂತರವಾಗಿ ಕುಳಿತಿವೆ. ದಶಮಾನದಲ್ಲಿ ಹೇಳುವುದಾದರೆ ತಮಿಳಿನ ಕಕಾರದ ಸಂಖ್ಯೆ 2965, ತೆಲುಗಿನದು 3093, ಕನ್ನಡದ್ದು 3221, ಮಲಯಾಳಂನದು 3349. ಪ್ರತಿ ಹೆಜ್ಜೆಗೂ ಸರಿಯಾಗಿ 128ರ ಅಂತರ. ಕನ್ನಡ ಪಠ್ಯದ ಪ್ರತಿ ಅಕ್ಷರಕ್ಕೆ 128 ಕೂಡಿಸಿದರೆ ಬಹುಮಟ್ಟಿಗೆ ಮಲಯಾಳಂ ಲಿಪಿಯ ಪಠ್ಯ, ಕಳೆದರೆ ತೆಲುಗು ಲಿಪಿಯ ಪಠ್ಯ ಸಿದ್ಧ. 'ಅಕ್ಷರಮುಖ'ದಂಥ ಲಿಪ್ಯಂತರ ಸಾಧನಗಳು ಈ ಕೆಲಸವನ್ನು ಲಿಪಿಲಿಪಿಯ ವಿಶೇಷಗಳನ್ನು ಗಮನಿಸಿ ಇನ್ನೂ ಅಚ್ಚುಕಟ್ಟಾಗಿ ಮಾಡುತ್ತವೆ. ತಮಿಳಿನಲ್ಲಿ ಮಾತ್ರ ಖ, ಗ, ಘಗಳಿರಬೇಕಾದ ಮೂರು ಸ್ಥಾನಗಳು ಖಾಲಿ. ಕನ್ನಡದಿಂದ ತಮಿಳು ಲಿಪಿಗೆ ಹೋಗಬಹುದು. ಹೋದ 'ಗಡಿ' ಮತ್ತೆ 'ಗಡಿ'ಯಾಗಿಯೇ ಮರಳುವುದೆಂಬ ಖಾತರಿಯಿಲ್ಲ. ದೇವನಾಗರಿಯಲ್ಲಿ ಹ್ರಸ್ವ ಎ, ಒಗಳಿಗೆ ಯೂನಿಕೋಡ್ ಸ್ಥಾನ ಕೊಟ್ಟಿದೆ, ಆದರೆ ಆ ಚಿಹ್ನೆಗಳನ್ನು ಸೊಲ್ಲಾಪುರದ ಶಾಲೆ ಕಲಿಸುವುದಿಲ್ಲ.

ಆದ್ದರಿಂದ ಮೂಲವನ್ನು ಕನ್ನಡ ಲಿಪಿಯಲ್ಲಿ ಬರೆದು, ಅದರ ಕೆಳಗೆ ನೆರೆಯ ಲಿಪಿಯ ರೂಪವನ್ನೂ ಕೊಡುವುದು ಸಾಧುವಾದ ಕ್ರಮ. ಲಿಪಿಯನ್ನು ಬಿಟ್ಟುಕೊಟ್ಟಂತಾಗುತ್ತದೆಂದು ಇದಕ್ಕೆ ಆಕ್ಷೇಪಿಸುವವರಿದ್ದಾರೆ. ಲಿಪಿಯ ಅಭಿಮಾನ ಅರ್ಥವಾಗುವಂಥದೇ. ಆದರೆ ತುಳು ಬರಹ ಬಹುಕಾಲದಿಂದ ಕನ್ನಡ ಲಿಪಿಯಲ್ಲಿಯೇ ನಡೆದುಬಂದಿದೆ. 2016ರಲ್ಲಿ ಹೊರಬಂದ ತುಳು ವಿಕಿಪೀಡಿಯವೂ ಕನ್ನಡ ಲಿಪಿಯದೇ. ಎರವಲು ಲಿಪಿ ತುಳುವಿನ ತುಳುತನವನ್ನು ಕಳೆಯಲಿಲ್ಲ. ತುಳುವಿಗೆ ಲಿಪಿ ಕೊಟ್ಟ ಕನ್ನಡ ತಾನು ಮಾತ್ರ ಎರವಲು ಪಡೆಯಬಾರದೆನ್ನುವುದು ವಿಚಿತ್ರ ವಾದ.

ನೀಲಗಿರಿಯ ಬಡಗದ ಸಂದರ್ಭದಲ್ಲಿ ಈ ಚರ್ಚೆ ಇನ್ನೂ ಸೂಕ್ಷ್ಮ. ಜನಗಣತಿ ಬಡಗವನ್ನು ಕನ್ನಡದಡಿಯಲ್ಲಿ ಎಣಿಸುತ್ತದೆ. ಅದನ್ನು ಸ್ವತಂತ್ರ ಭಾಷೆಯೆಂದು ಕಾಣುವ ವಿದ್ವಾಂಸರೂ ಬಡಗರೂ ಇದ್ದಾರೆ. ಹಟ್ಟಿಗಳ ಮಕ್ಕಳು ಕಲಿಯುವುದು ತಮಿಳು ಮತ್ತು ಇಂಗ್ಲಿಷ್. 1939ರಲ್ಲಿ ಎಮೆನೋ ಅವರು ಬಡಗದ ಸ್ವರಗಳನ್ನು ವಿವರಿಸುತ್ತ ನಾಲಗೆಯನ್ನು ಹಿಂದಕ್ಕೆ ಮಡಿಚಿ ಉಚ್ಚರಿಸುವ ಮೂರ್ಧನ್ಯ ಸ್ವರಗಳನ್ನು ದಾಖಲಿಸಿದರು. ಲೋಕದ ಭಾಷೆಗಳಲ್ಲೇ ಅಪರೂಪದ ಈ ಧ್ವನಿಗಳಿಗೆ ಕನ್ನಡ ಲಿಪಿಯಲ್ಲೂ ಚಿಹ್ನೆಯಿಲ್ಲ, ತಮಿಳಿನಲ್ಲೂ ಇಲ್ಲ. ಬಡಗದಲ್ಲಿ ಬರೆಯುವವರಿಗೆ ಯಾವ ಲಿಪಿಯನ್ನೂ ಸ್ವಾಭಾವಿಕವೆಂದು ಒಪ್ಪಿಸುವಂತಿಲ್ಲ. ಹೀಗಿರುವಾಗ ಹಾಡು, ಕತೆಗಳನ್ನು ದನಿಯಲ್ಲಿಯೇ ಮುದ್ರಿಸಿ ಹಂಚುವುದು ಲಿಪಿಯ ಸೋಲಲ್ಲ. ತಾಳವಾಡಿಯಲ್ಲಾಗಲಿ ಜತ್ತದಲ್ಲಾಗಲಿ ಕಥೆಗಾರ ತನ್ನ ಕಥೆಯನ್ನು ತಾನೇ ಓದಿ ಕಳಿಸಿದರೆ, ಅಕ್ಷರ ತಿಳಿಯದ ಮೊಮ್ಮಗಳಿಗೂ ಕಣ್ಣು ಮಂಜಾದ ಅಜ್ಜಿಗೂ ಅದು ಒಟ್ಟಿಗೇ ಮುಟ್ಟುತ್ತದೆ. ದನಿಯ ಜತೆಗೆ ಪಠ್ಯವನ್ನೂ ಇಟ್ಟರೆ ಮೊಮ್ಮಗಳು ಕೇಳುತ್ತ ಕೇಳುತ್ತ ಅಕ್ಷರಗಳನ್ನು ಗುರುತಿಸಲೂಬಹುದು. ಗಡಿನಾಡಿನಲ್ಲಿ ಶಾಲೆಯ ಹೊರಗೆ ಕನ್ನಡ ಓದು ಕಲಿಸಬಲ್ಲ ಸಾಮಗ್ರಿಗಳಲ್ಲಿ ಮನೆಯವರೇ ಬರೆದು ಓದಿದ ಕಥೆಗೆ ಸಮನಾದುದು ವಿರಳ.

ಉಳಿದದ್ದು ಬಾಳಿಕೆಯ ಪ್ರಶ್ನೆ. ಅಚ್ಚಾದ ಪುಸ್ತಕದ ಪ್ರತಿಯನ್ನು 1954ರ ಕಾಯ್ದೆಯಂತೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಪ್ಪಿಸಬೇಕು. ಎಷ್ಟೇ ಚಿಕ್ಕ ಊರಿನ ಕವನ ಸಂಕಲನಕ್ಕೂ ಅಲ್ಲೊಂದು ಕಪಾಟಿನ ಭರವಸೆಯಿದೆ. ಜಾಲದ ಬರಹಕ್ಕೆ ಅಂಥ ಕಪಾಟಿಲ್ಲ. 2014ರ ಸೆಪ್ಟೆಂಬರ್ 30ರಂದು ಆರ್ಕುಟ್ ಮುಚ್ಚಿದಾಗ, 2019ರಲ್ಲಿ ಗೂಗಲ್ ಪ್ಲಸ್ ನಿಂತಾಗ, ತಮ್ಮ ಬರಹದ ಪ್ರತಿ ಇಟ್ಟುಕೊಳ್ಳದವರು ಅದನ್ನು ಕಳೆದುಕೊಂಡರು. ಹಳೆಯ ಫಾಂಟ್‌ಗಳಲ್ಲಿ ಟಂಕಿಸಿದ ಕಡತಗಳು ಪರಿವರ್ತಕ ತಂತ್ರಾಂಶ ಸಿಗುವವರೆಗೆ ಮಾತ್ರ ಓದಬಲ್ಲವು. ದೊಡ್ಡ ಕಂಪನಿಯ ತಾಣಕ್ಕಿಂತ ಬಳಗದ ಸ್ವಂತ ತಾಣ ಸುರಕ್ಷಿತವೆಂದು ತೋರಬಹುದು. ಅದರ ಆಯುಷ್ಯವೂ ಬೇರೊಂದು ಎಳೆಯಲ್ಲಿ ತೂಗುತ್ತದೆ. ಇಂಥ ತಾಣಗಳ ಹೆಸರನ್ನು ನಿಗದಿತ ಅವಧಿಗೊಮ್ಮೆ ಹಣ ಕಟ್ಟಿ ನವೀಕರಿಸಬೇಕು. ಹೆಚ್ಚಿನ ಕಡೆ ಆ ಕೆಲಸ ಯಾರೋ ಒಬ್ಬ ಉತ್ಸಾಹಿಯದು, ಗುಪ್ತಪದ ಆತನೊಬ್ಬನಿಗೇ ಗೊತ್ತು. ಆತ ಕಾಯಿಲೆ ಬಿದ್ದ ವರ್ಷ ನವೀಕರಣದ ನೆನಪೋಲೆ ಯಾರೂ ತೆರೆಯದ ಅಂಚೆಪೆಟ್ಟಿಗೆಗೆ ಹೋಗುತ್ತದೆ. ಗಡುವು ಕಳೆದ ಮೇಲೆ ಆ ಹೆಸರನ್ನು ಬೇರಾರೋ ಕೊಂಡುಕೊಳ್ಳುತ್ತಾರೆ. ಭಾವ, ಅಪ್ಪಚ್ಚಿ, ಅಜ್ಜಿಯರು ವರ್ಷಗಟ್ಟಲೆ ಬರೆದ ಪುಟಗಳಿದ್ದ ವಿಳಾಸದಲ್ಲಿ ಯಾವುದೋ ಸರಕಿನ ಜಾಹೀರಾತು ಬಂದು ಕೂರುತ್ತದೆ.